ಪದ ಎತ್ತಿಕೊಳ್ಳದ ಮುದುಕ

ಹಾಡುತ್ತಿದ್ದ ಮುದುಕನ ಉಸಿರು ಚರಣದ ನಡುವೆಯೇ ಕಟ್ಟಿತು. ಪಕ್ಕದಲ್ಲಿ ಗಿಟಾರ್ ಹಿಡಿದಿದ್ದ ಇನ್ನೊಬ್ಬ ಮುದುಕ ಬಾಯಿ ತೆರೆಯಲಿಲ್ಲ. ತಂತಿ ಬಿಗಿ ಮಾಡುತ್ತ ಆಚೆ ನೋಡಿದ.

ದೋಹಾದ ದೊಡ್ಡ ಹೋಟೆಲೊಂದರ ಹಾಡಿನ ಕಾರ್ಯಕ್ರಮಕ್ಕೆ ಅಳಿಯ ನನ್ನನ್ನೂ ಕರೆದೊಯ್ದಿದ್ದ. ವೇದಿಕೆಯ ಮೇಲಿದ್ದುದು, ಅರವತ್ತರ ದಶಕದಲ್ಲಿ ತಮ್ಮ ದೇಶದ ಹಳ್ಳಿ ಪದಗಳಿಗೆ ಗಿಟಾರ್ ಸೇರಿಸಿ ಲೋಕವನ್ನೇ ಕುಣಿಸಿದ ನಾಲ್ವರ ತಂಡವಂತೆ. ಇಬ್ಬರು ಸತ್ತರು. ಉಳಿದಿಬ್ಬರು ಹಾಡು ಕಟ್ಟಿದ್ದು ಯಾರೆಂದು ಜಗಳವಾಡಿ ಮೂವತ್ತು ವರ್ಷ ಮಾತು ಬಿಟ್ಟು, ಈಗ ಮತ್ತೆ ಒಟ್ಟಾದರಂತೆ. ಒಟ್ಟಾದ ಚಂದವೇ!

"ಎಂತ ನೋಡ್ತಾ ನಿಂತಿದ್ದಿ ಮಾರಾಯ, ಪದ ಎತ್ತಿಕೋ!" ಎಂದು ಕೂತಲ್ಲಿಂದಲೇ ಗದರಿದೆ.

"ಅತ್ತೇ, ಮೆಲ್ಲ! ಎದುರು ನಮ್ಮ ಬಾಸ್ ಕೂತಿದ್ದಾರೆ," ಎಂದ ಅಳಿಯ.

ಹಾಡು ಅಲ್ಲೇ ನಿಂತಿತು. ಜನ ಎದ್ದು ಚಪ್ಪಾಳೆ ಹೊಡೆದರು, ಯಾವ ಸೌಭಾಗ್ಯಕ್ಕೋ.

ನಾನೂ ನೆರೆಮನೆಯ ಗುಲಾಬಿಯೂ ಬಾವಿಕಟ್ಟೆಯ ಜಗಳದಲ್ಲಿ ಎಂಟು ವರ್ಷ ಮಾತು ಬಿಟ್ಟವರು. ಆಗಲೂ ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತ ಹಾಡುವಾಗ ಅವಳ ಉಸಿರು ಸೋತರೆ ಪದವನ್ನು ನಾನೇ ಎತ್ತಿಕೊಳ್ಳುತ್ತಿದ್ದೆ. ಗದ್ದೆಯಿಂದ ಬದುವಿಗೆ ಹತ್ತಿದ ಮೇಲೆ ಮತ್ತೆ ಮುಖ ತಿರುಗಿಸುತ್ತಿದ್ದೆ.