ಟೀಚರರ ಮೀನಿನ ಪಾಠ

ಟೀಚರ್ ಬಾಯಿ ತೆರೆಯುವ ಮೊದಲೇ ಅವರ ಬಲಗೈ ಮೇಲೇಳುತ್ತಿತ್ತು, ಗಾಜಿನ ಬಳೆಗಳು ಗಲಗಲ ಎಂದು ಮೊಣಕೈವರೆಗೆ ಜಾರುತ್ತಿದ್ದವು. ಫಳ್ನೀರಿನ ನಮ್ಮ ಫ್ಲ್ಯಾಟುಗಳ ಕಟ್ಟಡದಲ್ಲಿ, ಪಕ್ಕದ ಮನೆಯ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅವರಿಗಿಂತ ಹಿರಿಯಳಾದ ನನ್ನ ಅಜ್ಜಿಯೂ ಟೀಚರ್ ಎಂದೇ ಕರೆಯುತ್ತಿದ್ದಳು. ಶಾಲೆಯಲ್ಲಿ ನನಗೆ ಇಂಗ್ಲಿಷ್ ಕಲಿಸಿದವರೂ ಅವರೇ. ತಪ್ಪಾದೀತೆಂದು ನಾನು ಬಾಯಿ ಮುಚ್ಚಿ ಕೂತರೆ, "ತಪ್ಪು ಮಾತಾಡಿದ್ರೆ ಯಾರೂ ಸಾಯುದಿಲ್ಲ. ನಾಚಿಕೆ ಮಾಡಿದ್ರೆ ಉಪವಾಸ ಸಾಯ್ತಿ" ಎನ್ನುತ್ತಿದ್ದರು.

ಅವರೊಡನೆ ಬಂದರಿನ ಮೀನು ಮಾರ್ಕೆಟಿಗೆ ಹೋಗುವುದೇ ಒಂದು ಮಜಾ. ಬಂಗುಡೆಯ ಕಿವಿರು ಎತ್ತಿ ನೋಡಿ, ಮುಖ ಸಿಂಡರಿಸಿ, ಅರ್ಧ ರೇಟಿಗೆ ಕೇಳುವರು. ಮೀನಿನವಳು ಆಗದು ಎಂದೊಡನೆ "ಬೊಡ್ಚಿ" ಎಂದು ತಿರುಗಿ ನಡೆದೇಬಿಡುವರು. ಬೇಡವೆಂದು ಹೊರಟವರು ಹಿಂತಿರುಗಿ ನೋಡಬಾರದು, ಮಾರುವವಳು ಕರೆಯದೆ ಬಿಡಬಾರದು. ಅದು ನಮ್ಮೂರ ಕಟ್ಟಳೆ. "ಟೀಚರೇ, ಬಲೆ ಬಲೆ" ಎಂದು ವಾಪಸ್ ಬರಹೇಳುವ ತುಳು ಕರೆ ಹಿಂದಿನಿಂದ ಬಂದೇ ಬರುತ್ತಿತ್ತು.

ಟೀಚರರ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅಣ್ಣನ ಮನೆಯಲ್ಲಿದ್ದ ಟೀಚರ್ ನಿವೃತ್ತರಾದ ಮೇಲೆ, ಥಾಯ್ಲೆಂಡಿನ ಒಂದು ಸಣ್ಣ ಊರಿನ ಶಾಲೆಗೆ ಇಂಗ್ಲಿಷ್ ಕಲಿಸಲು ಹೊರಟರು. ಅಲ್ಲಿಯ ಭಾಷೆಯ ಒಂದಕ್ಷರ ಗೊತ್ತಿಲ್ಲ. "ಗಲ್ಫ್ ಆದ್ರೆ ಸರಿ. ಇದೆಂತ ಮರ್ಲ್? ತಿಂಗಳೊಳಗೆ ವಾಪಸ್ ಬರ್ತಿ, ನೋಡು" ಎಂದರು ಅಣ್ಣ. ಟೀಚರ್ ನನ್ನೊಡನೆ ಮಾತ್ರ ಹೇಳಿದರು: "ಇಷ್ಟು ವರ್ಷದಲ್ಲಿ ನಾನೇ ಬೇಕು ಅಂತ ಮಾಡಿದ್ದು ಇದೊಂದೇ. ಸೋತು ಬಂದ್ರೆ ಈ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ."

ಮೊದಲ ವಾರವೇ ಅವರು ಅಲ್ಲಿಯ ಮಾರ್ಕೆಟಿಗೆ ಹೋದರು. ಕೈಸನ್ನೆಯಲ್ಲೇ ಚೌಕಾಸಿ ನಡೆಯಿತು. ಮೀನಿನವಳು ತಲೆಯಲ್ಲಾಡಿಸಿದಳು. "ಬೊಡ್ಚಿ" ಎಂದು ಟೀಚರ್ ಹೊರಟರು. ಕರೆ ಬರಲಿಲ್ಲ. ಚಪ್ಪಲಿ ಸರಿಮಾಡುವ ನೆಪದಲ್ಲಿ ನಿಂತರು, ಸೆರಗು ಸರಿಮಾಡಿದರು. ಕಡೆಗೆ ಕಟ್ಟಳೆ ಮುರಿದು ತಿರುಗಿ ನೋಡಿದರೆ, ಅವಳು ನಗುತ್ತಾ ಕೈಮುಗಿದು ಬೀಳ್ಕೊಡುತ್ತಿದ್ದಾಳೆ! ಆ ರಾತ್ರಿ ವಿಡಿಯೋ ಕಾಲಿನಲ್ಲಿ ನನ್ನೆದುರು ಉರಿದುಬಿದ್ದರು: "ಎಂತ ಜನ ಮಾರಾಯ್ತಿ! ಹೋಗುವವಳನ್ನು ಕರೆಯುವ ಮರ್ಯಾದೆ ಇಲ್ಲ. ಇವತ್ತು ಮೊಟ್ಟೆಯೇ ಗತಿ."

ಕ್ಲಾಸಿನಲ್ಲೂ ಅದೇ ಕಥೆ. ಮಕ್ಕಳು ಅರ್ಥವಾದರೂ ನಗುತ್ತಿದ್ದರು, ಆಗದಿದ್ದರೂ ನಗುತ್ತಿದ್ದರು, ಮಾತು ಮಾತ್ರ ಇಲ್ಲ. ಟೀಚರ್ ರೋಸಿಹೋಗಿ, ಪೆನ್ಸಿಲ್ ಬಾಕ್ಸುಗಳನ್ನು ಮೀನಿನಂತೆ ಮೇಜಿನ ಮೇಲೆ ಜೋಡಿಸಿ ಬಂದರಿನ ಮಾರ್ಕೆಟನ್ನೇ ಅಲ್ಲಿ ಇಳಿಸಿದರು. ತಾನು ಗಿರಾಕಿ, ಮಕ್ಕಳು ವ್ಯಾಪಾರಿಗಳು. ತಾನು ಬೇಡವೆಂದು ಹೊರಟರೆ ಅವರು ಇಂಗ್ಲಿಷಿನಲ್ಲಿ ಕೂಗಿ ಕರೆಯಬೇಕು. ಗಲಾಟೆ ಎಷ್ಟೆಂದರೆ ಪಕ್ಕದ ಕ್ಲಾಸಿನವರು ಬಾಗಿಲು ಹಾಕಿಕೊಂಡರು.

ದೂರು ಹೋಯಿತು. ಮುಖ್ಯೋಪಾಧ್ಯಾಯರು ಕರೆಸಿ, ಮುಂದಿನ ತಿಂಗಳಿನಿಂದ ಬರಬೇಕಾಗಿಲ್ಲ ಎಂದರು. ಟೀಚರರ ಹುಟ್ಟುಗುಣ ಬಿಡಬೇಕಲ್ಲ! "ಬೇಡವಾ? ಸರಿ" ಎಂದು ಕೊಡೆ ಎತ್ತಿಕೊಂಡು ಹೊರಟೇಬಿಟ್ಟರು, ಕರೆದಾರು ಎಂಬ ಧೈರ್ಯದಲ್ಲಿ. ಆ ಪುಣ್ಯಾತ್ಮರು ಎದ್ದು ಬಂದು ಬಾಗಿಲು ತೆರೆದುಕೊಟ್ಟು, ನಗುತ್ತಾ ಕೈಮುಗಿದರು.

ಅಂಗಳ ಅರ್ಧ ದಾಟಿದಾಗ ಮಹಡಿಯ ಕಿಟಕಿಗಳಿಂದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು: "ಟೀಚರ್, ಕಮ್! ವೆರಿ ಫ್ರೆಶ್! ಟುಡೇ ಓನ್ಲೀ!" ಆ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಕೇಳಿದ್ದು ಮುಖ್ಯೋಪಾಧ್ಯಾಯರಿಗೆ ಅದೇ ಮೊದಲು. ಅವರು ಬರಿಗಾಲಲ್ಲಿ ಓಡಿಬಂದರು.

"ತಕ್ಷಣ ತಿರುಗಿದ್ರಾ?" ಎಂದು ಆ ರಾತ್ರಿಯ ವಿಡಿಯೋ ಕಾಲಿನಲ್ಲಿ ಕೇಳಿದೆ.

"ಛೆ, ಹಾಗೆ ತಿರುಗ್ತಾರಾ? ಇನ್ನೊಮ್ಮೆ ಕರೀಲಿ ಅಂತ ನಿಂತೆ."

ಹಲವು ವರ್ಷ ಅಲ್ಲೇ ಇದ್ದರು. ಕಳೆದ ರಜೆಗೆ ಊರಿಗೆ ಬಂದವರಿಗೆ ಎದೆನೋವು ಬಂತು. ಸುತ್ತಲೂ ಆಸ್ಪತ್ರೆಗಳೇ ಇರುವ ಫಳ್ನೀರಿನಲ್ಲಿ ಮನೆ, ಆದರೂ ಉಳಿಯಲಿಲ್ಲ.

ಶಾಲೆ ಶುರುವಾದ ದಿನ ಅವರ ಫೋನಿಗೆ ವಿಡಿಯೋ ಕಾಲ್ ಬಂತು. ತೆರೆದರೆ ಇಡೀ ಕ್ಲಾಸೇ ಅಲ್ಲಿ ನೂಕಾಡುತ್ತಿದೆ. "ನಿನಗೆ ಇಂಗ್ಲಿಷ್ ಬರ್ತದಲ್ಲ, ನೀನೇ ಹೇಳು" ಎಂದು ಅವರ ಅಣ್ಣ ಫೋನು ನನ್ನ ಕೈಗಿತ್ತರು. ನಾನು ಇವತ್ತು ನಾಲ್ಕು ಜನರೆದುರು ಇಂಗ್ಲಿಷ್ ಮಾತಾಡುವುದಿದ್ದರೆ ಅದು ಟೀಚರ್ ಹಾಕಿದ ಭಿಕ್ಷೆ. ಆದರೆ ಆಗ ಒಂದು ಪದವೂ ಬಾಯಿಗೆ ಬರಲಿಲ್ಲ. ಅಳುತ್ತಾ ತುಳುವಿನಲ್ಲೇ ಹೇಳಿದೆ. ಮುಂದಿದ್ದ ಹುಡುಗಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು, ಉತ್ತರಕ್ಕೆ ಕಾಯದೆ ಅಳತೊಡಗಿದಳು. ಅವಳ ಹಿಂದಿದ್ದವರೂ ಅತ್ತರು.

ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದ ಅಣ್ಣ ಮೆಲ್ಲನೆ ಕೇಳಿದರು:

"ಇಷ್ಟು ಮಕ್ಕಳಾ ಇವಳಿಗೆ?"