ಮ್ಯಾನೇಜರ್ ಪಕ್ಕದ ಸೀಟು

ಕೆಂಗೇರಿಯ ನಮ್ಮ ಆಫೀಸಿಗೆ ಒಂದೇ ಕಡೆಯಿಂದ ಬರುವವರೆಲ್ಲ ಒಂದೇ ಕಾರಿನಲ್ಲಿ ಬರಲಿ ಅಂತ ಹಟ ಹಿಡಿದು ವ್ಯವಸ್ಥೆ ಮಾಡಿದವಳು ನಾನು. ಕುರುಬರಹಳ್ಳಿಯ ಮೂವರನ್ನು ತಮ್ಮ ಕಾರಿನಲ್ಲಿ ಕರೆತರಲು ಮ್ಯಾನೇಜರೇ ಒಪ್ಪಿದರು. ವಾರ ಕಳೆಯುವಷ್ಟರಲ್ಲಿ ನನ್ನ ಟೇಬಲ್ ಮುಂದೆ ಬಂದು ನಿಂತರು. “ಏನಮ್ಮಾ, ಮೂರು ಜನಾನೂ ಹಿಂದೇನೇ ಒತ್ಕೊಂಡು ಕೂರ್ತಾರೆ. ನಾನೇನು ಅವರ ಡ್ರೈವರಾ?”

ಮೂವರನ್ನೂ ಕರೆದು ಕೇಳಿದೆ. “ಸಾರ್ ಪಕ್ಕದಲ್ಲಿ ಹೇಗೆ ಮೇಡಂ ಕೂರೋದು? ನಾವು ಬಸ್ಸಲ್ಲೇ ಬರ್ತೀವಿ ಬಿಡಿ,” ಅಂದರು. ನನಗೆ ಉರಿದುಹೋಯಿತು. ಇಷ್ಟಕ್ಕೆಲ್ಲ ಬಿಟ್ಟುಕೊಡುವವಳಲ್ಲ ನಾನು. ಮರುದಿನ ಬೆಳಿಗ್ಗೆ ಆಟೋ ಹಿಡಿದು ಕುರುಬರಹಳ್ಳಿಗೆ ಹೋಗಿ, ಮ್ಯಾನೇಜರ್ ಕಾರಿನಲ್ಲಿ ಅವರನ್ನು ಹಿಂದೆ ಹತ್ತಿಸಿ, ಮುಂದಿನ ಸೀಟಿನಲ್ಲಿ ನಾನೇ ಕೂತೆ.

ವಿಜಯನಗರ ದಾಟುವಷ್ಟರಲ್ಲಿ ಎಸಿ ಗಾಳಿಗೆ ನನ್ನ ಕೈ ಮರಗಟ್ಟಿತು. “ಸಾರ್, ಎಸಿ ಕಮ್ಮಿ ಮಾಡ್ತೀನಿ,” ಅಂದವಳೇ ಗುಂಡಿ ತಿರುಗಿಸಿದೆ.

“ಅಯ್ಯೋ, ಮೊದಲೇ ಹೇಳ್ಬಾರ್ದಾ? ನಿಮಗೆಲ್ಲ ಸೆಕೆ ಆಗುತ್ತೇಂತ ವಾರದಿಂದ ನಾನೂ ನಡುಗ್ತಾ ಇದೀನಿ,” ಅಂದರು ಮ್ಯಾನೇಜರ್. ಹಿಂದಿನಿಂದ ಮೂವರೂ ಒಟ್ಟಿಗೇ ನಕ್ಕರು.

ಮಾರನೆಯ ದಿನವೂ ಹೋದೆ. ಮುಂದಿನ ಸೀಟಿನಲ್ಲಿ ಆ ಮೂವರಲ್ಲಿ ಒಬ್ಬಳಾದ ಅಕೌಂಟ್ಸ್ ಹುಡುಗಿ ಆಗಲೇ ಕೂತಿದ್ದಳು. “ಹಿಂದೆ ಜಾಗ ಇದೆ, ಬನ್ನಿ ಮೇಡಂ,” ಅಂದಳು.