ಎರಡನೇ ಭಾಗದ ಕಫೀಲ್

ಕುವೈತಿನ ಮೈದಾನ್ ಹವಲ್ಲಿಯ ಬಿಲ್ಡಿಂಗಿನಲ್ಲಿ ನಾವು ಮೂರನೇ ಮಹಡಿ, ನನ್ನ ಗೆಳತಿ ನಾಲ್ಕನೆಯದು. ನಮ್ಮ ಮನೆಯಲ್ಲಿ ತುಳು, ಅವರಲ್ಲಿ ಕೊಂಕಣಿ. ನಮ್ಮಿಬ್ಬರ ನಡುವೆ ಅರ್ಧ ಇಂಗ್ಲಿಷು, ಅರ್ಧ ಕನ್ನಡ. ತೊಂಬತ್ತರ ದಶಕದ ಕೊನೆ, ಇಬ್ಬರಿಗೂ ಹದಿನಾಲ್ಕು. ಶಾಲೆಯ ಲೈಬ್ರರಿಯಲ್ಲಿ ಒಂದು ಕಾದಂಬರಿ ಸಿಕ್ಕಿತ್ತು. ನೆಲದಡಿಯ ನೀರಿನ ಮಾತು ಕೇಳಿಸುವ ಅನಾಥ ಹುಡುಗಿಯೊಬ್ಬಳು ಹಳೆಯ ಕಾಲದ ಅಮೆರಿಕದಲ್ಲಿ ಗಾಡಿ ಹತ್ತಿ ಪಶ್ಚಿಮದ ಬಯಲಿಗೆ ಹೊರಡುವ ಕತೆ. ಆ ಹುಡುಗಿ ದೊಡ್ಡ ನದಿಯ ದಂಡೆ ಮುಟ್ಟುವಾಗ ಮೊದಲ ಭಾಗ ಮುಗಿಯಿತು. ಎರಡನೆಯದು ಲೈಬ್ರರಿಯಲ್ಲಿರಲಿಲ್ಲ. ನಾವೇ ಬರೆಯಲು ಕೂತೆವು.

ಶುಕ್ರವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಒಂದು ಲಾಂಗ್‌ಬುಕ್ಕಿನಲ್ಲಿ ಸರದಿಯಂತೆ ಬರೆಯುತ್ತಿದ್ದೆವು. ಹುಡುಗಿ ನದಿ ದಾಟಿದಳು. ಆಚೆ ದಡದ ಅಧಿಕಾರಿ ಕೇಳಿದ, ನಿನ್ನ ಕಫೀಲ್ ಯಾರು? ಕಫೀಲ್ ಎಂದರೆ ನಮ್ಮ ಅಪ್ಪಂದಿರ ವೀಸಾಕ್ಕೆ ಸಹಿ ಹಾಕುವ ಕುವೈತಿ ಧಣಿ. ಅವನಿಲ್ಲದ ದೇಶ ಇರಬಹುದೆಂದು ನಮಗೆ ಹೊಳೆಯಲೇ ಇಲ್ಲ.

ಗೆಳತಿಯ ಅಪ್ಪ ಅದನ್ನು ಓದಿ ಹೊಟ್ಟೆ ಹಿಡಿದು ನಕ್ಕರು.

"ಅಲ್ಲಿ ಕಫೀಲ್ ಎಲ್ಲ ಇರ್ಲಿಲ್ಲ ಮಾರಾಯ್ತಿ. ಐದು ವರ್ಷ ಒಂದೇ ಕಡೆ ಇದ್ದು ಬೇಸಾಯ ಮಾಡಿದ್ರೆ ಆಯ್ತು, ಜಾಗ ಅವರದ್ದೇ."

"ಸುಮ್ಮನೆ ಹೇಳ್ಬೇಡಿ ಅಂಕಲ್," ಎಂದೆ.

ಅವಳು ಆ ಪುಟ ಹರಿಯೋಣವೆಂದಳು. ನಾನು ಬಿಡಲಿಲ್ಲ. ನಾನು ಹಿಡಿದ ಮೊಲಕ್ಕೆ ಆಗಲೂ ಮೂರೇ ಕಾಲು.

ಆ ವರ್ಷವೇ ಶುವೈಖ್‌ನಲ್ಲಿ ಅವಳ ಅಪ್ಪ ಸ್ಟೋರ್‌ಕೀಪರ್ ಆಗಿದ್ದ ಗೋಡೌನ್ ಮುಚ್ಚಿತು. ಬೇರೆ ಕೆಲಸ ಸಿಕ್ಕಿತ್ತು, ಆದರೆ ಹಳೆಯ ಕಫೀಲ್ ರಿಲೀಸ್ ಪೇಪರಿಗೆ ಸಹಿ ಹಾಕಬೇಕಿತ್ತು. ಹಾಕಿದರೆ ಇಲ್ಲಿ, ಇಲ್ಲದಿದ್ದರೆ ಮಂಗಳೂರು. ಅವಳು ಹುಟ್ಟಿದ್ದು ಕುವೈತಿನಲ್ಲೇ, ಮಂಗಳೂರನ್ನು ಕಂಡದ್ದು ರಜೆಯಲ್ಲಿ ಮಾತ್ರ. ಎರಡು ತಿಂಗಳು ಅಂಕಲ್ ಆ ಮನುಷ್ಯ ಸಂಜೆ ಗೆಳೆಯರನ್ನು ಕೂರಿಸಿಕೊಳ್ಳುವ ಬೈಠಕ್ ಕೋಣೆ, ದಿವಾನಿಯಾ, ಅದರ ಬಾಗಿಲಿಗೆ ಅಲೆದರು. ಕೊನೆಗೆ ಒಂದು ದಿನ ಅವನು "ಖಲಾಸ್" ಅಂದನಂತೆ. ಅಷ್ಟಕ್ಕೇ ಮುಗಿಯಿತು, ಸಹಿ ಹಾಕಲಿಲ್ಲ.

ಹೊರಡುವ ದಿನ ಮೆಟ್ಟಿಲಲ್ಲಿ ಹಗ್ಗ ಬಿಗಿದ ಕಾರ್ಟನ್‌ಗಳು ಸಾಲಾಗಿದ್ದವು. ಅವಳು ಲಾಂಗ್‌ಬುಕ್ ತಂದಳು.

"ಲಾಸ್ಟ್ ಚಾಪ್ಟರ್ ನೀನೇ ಬರಿ. ಅವಳಿಗೆ ಜಾಗ ಸಿಗ್ಲಿ. ಪ್ಲೀಸ್."

ನನಗೆ ಸಿಟ್ಟು ಬಂದಿತ್ತು. ಅವಳಿಲ್ಲದೆ ಆ ಬಿಲ್ಡಿಂಗಿನಲ್ಲಿ ನನಗೆ ಇನ್ಯಾರೂ ಇರಲಿಲ್ಲ, ಬಿಟ್ಟು ಹೋಗುವವಳು ಅವಳು, ಮೇಲಿಂದ ನನಗೇ ಹೋಂವರ್ಕ್ ಕೊಡುತ್ತಾಳೆ. ಊಟದ ಮೇಜಿನ ಮೇಲೆ ಹತ್ತೇ ಸಾಲು ಗೀಚಿದೆ. ಹುಡುಗಿಗೆ ಹದಿನೆಂಟು ತುಂಬಿತು, ಅಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಕ್ಯಾನ್ಸಲ್ ಆಯಿತು, ನೀರು ಅವಳೊಡನೆ ಮಾತು ಬಿಟ್ಟಿತು, ಅಧಿಕಾರಿ ಅವಳನ್ನು ದೋಣಿ ಹತ್ತಿಸಿ ವಾಪಸ್ ಕಳಿಸಿದ. ಬರೆಯುವಾಗ ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವಳು ಬಾಗಿಲಲ್ಲೇ ನಿಂತು ಓದಿದಳು, ಎರಡು ಸಲ.

"ವಾಪಸ್ ಎಲ್ಲಿಗೆ? ಅವಳು ಹುಟ್ಟಿದ್ದೇ ಇಲ್ಲಲ್ವಾ?"

ನಮ್ಮ ಕತೆಯ ಹುಡುಗಿ ಹುಟ್ಟಿದ್ದು ಅಧಿಕಾರಿ ಇದ್ದ ದಡದಲ್ಲಲ್ಲ, ನದಿಯ ಈಚೆ. ತಪ್ಪು ತಿದ್ದಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳ ಮುಖ ಕಂಡಿತು. ಕೆಳಗಿನಿಂದ ಅಂಕಲ್ ಕೂಗಿದರು. ಅವಳು ಲಾಂಗ್‌ಬುಕ್ಕನ್ನು ನನ್ನ ಕೈಗಿಟ್ಟು ಇಳಿದು ಹೋದಳು.